ಒಂದೇ ದಿನದಲ್ಲಿ ಬಸ್ಸಿನಲ್ಲಿ ಬಂದು ಕಾಸರಗೋಡು ನೋಡಬಹುದಾ?

"ಮಂಗಳೂರಿನಿಂದ ನಾವು ಮಹಿಳಾ ಮಂಡಲದವರು ಒಂದು ಬಸ್ ಮಾಡಿಕೊಂಡು ಬರ್ತೇವೆ. ಬೆಳಿಗ್ಗೆ ಹೊರಟು ರಾತ್ರಿ ವಾಪಸ್. ಬೇಕಲ ಕೋಟೆ ಬಿಟ್ಟರೆ ಬೇರೆ ಏನು ನೋಡಬಹುದು?" ಗಡಿಯ ಈಚೆ, ಕಾಸರಗೋಡಿನಲ್ಲಿ ಇರುವ ನಮಗೆ ರಜೆಯ ಸಮಯದಲ್ಲಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ.

ಧಾರಾಳ ನೋಡಬಹುದು. ಆದರೆ ಬೇಕಲವನ್ನು ಕೊನೆಗೆ ಇಟ್ಟುಕೊಳ್ಳಿ. ಎಷ್ಟೋ ಬಸ್ಸುಗಳು ಗಡಿಯ ತಲಪಾಡಿ ದಾಟಿ ಸೀದಾ ಕೋಟೆಗೇ ಹೋಗುತ್ತವೆ. ಅಲ್ಲಿ ಸುತ್ತಾಡುವಾಗ ನೆತ್ತಿಯ ಮೇಲೆ ಬಿಸಿಲು. ಸುಮಾರು 40 ಎಕರೆ ಜಾಗ, ನೆರಳು ತೀರಾ ಕಮ್ಮಿ. ಸುಸ್ತಾಗಿ ತಿರುಗಿ ಬರುವಾಗ ದಾರಿಯ ದೇವಸ್ಥಾನಗಳೆಲ್ಲ ಮಧ್ಯಾಹ್ನದ ಪೂಜೆ ಮುಗಿಸಿ ಬಾಗಿಲು ಹಾಕಿರುತ್ತವೆ. ಮತ್ತೆ ತೆರೆಯುವುದು ಸಂಜೆಯೇ. ಹಾಗಾಗಿ ಬೆಳಿಗ್ಗೆ ದೇವಸ್ಥಾನ, ಇಳಿಹೊತ್ತಿಗೆ ಕೋಟೆ. ಇಷ್ಟು ಬದಲಾಯಿಸಿದರೆ ದಿನವೇ ಬೇರೆ ಆಗುತ್ತದೆ.

ಏಳು ಗಂಟೆಗೆ ಮಂಗಳೂರು ಬಿಡಿ. ಕುಂಬಳೆಯಲ್ಲಿ ಹೆದ್ದಾರಿ ಬಿಟ್ಟು ಬದಿಯಡ್ಕ ರಸ್ತೆಗೆ ತಿರುಗಿ, ನಾಯ್ಕಾಪಿನಿಂದ ಒಳಗೆ ಹೋದರೆ ಅನಂತಪುರ. ಮುರಕಲ್ಲಿನ ಬೋಳುಗುಡ್ಡ, ಅದರ ಮಧ್ಯೆ ಕೆರೆ, ಕೆರೆಯ ಮಧ್ಯೆ ಗುಡಿ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನ ಎಂದು ನಂಬಿಕೆ. ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ ದೇವರ ನೈವೇದ್ಯ ತಿಂದುಕೊಂಡು ಯಾರಿಗೂ ತೊಂದರೆ ಕೊಡದೆ ಬದುಕಿತ್ತು. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ಮನೆಯವರನ್ನು ಕಳಿಸಿಕೊಡುವ ಹಾಗೆ ಜನ ಸೇರಿದ್ದರು. ಮರುವರ್ಷ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಕಂಡರೆ ಭಾಗ್ಯ. ಕಾಣಲಿಲ್ಲ ಎಂದು ನೀರಿಗೆ ಕಲ್ಲು ಎಸೆಯಬೇಡಿ, ಕೂಗಬೇಡಿ. ಗಂಡಸರು ಬಂದರೆ ಅಂಗಿ ತೆಗೆದು ಒಳಗೆ ಹೋಗಬೇಕು.

ಅಲ್ಲಿಂದ ಮಧೂರಿಗೆ ಹೋಗಲು ಮತ್ತೆ ಹೆದ್ದಾರಿಗೆ ಇಳಿಯಬೇಕಾಗಿಲ್ಲ. ಸೀತಾಂಗೋಳಿ, ಮಾಯಿಪ್ಪಾಡಿ ಮೇಲೆ ಒಳದಾರಿ ಇದೆ. ಮಾಯಿಪ್ಪಾಡಿಯಲ್ಲಿ ಕುಂಬಳೆ ಅರಸರ ಅರಮನೆ ಇದೆ, ಬಸ್ಸಿನಲ್ಲಿ ಹಿರಿಯರಿದ್ದರೆ ಕಥೆ ಹೇಳಿಸಿ. ಮಧುವಾಹಿನಿ ಹೊಳೆಯ ದಂಡೆಯ ಮಧೂರು ದೇವಸ್ಥಾನದ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗೆ ಇದೆ. ಒಮ್ಮೆ ಸುತ್ತು ಹಾಕಿ ಛಾವಣಿಯನ್ನು, ಮರದ ಕೆತ್ತನೆಯನ್ನು ನಿಧಾನಕ್ಕೆ ನೋಡಿ. ಇಲ್ಲಿ ಮುಖ್ಯ ದೇವರು ಮದನಂತೇಶ್ವರ, ಅಂದರೆ ಶಿವ. ಜನ ಬರುವುದು ಮಾತ್ರ ಗಣಪತಿಗೆ. ಅರ್ಚಕರ ಮನೆಯ ಹುಡುಗ ಆಟಕ್ಕೆ ಗೋಡೆಯ ಮೇಲೆ ಗಣಪತಿ ಬರೆದ, ಅದು ದಿನದಿಂದ ದಿನಕ್ಕೆ ಬೆಳೆಯಿತು ಎಂದು ಊರಿನವರು ಹೇಳುತ್ತಾರೆ. ಅಪ್ಪ ಎಂಬ ಸಿಹಿ ತಿಂಡಿಯ ಪ್ರಸಾದ ತಪ್ಪಿಸಬೇಡಿ.

ಮಧ್ಯಾಹ್ನ ಕಾಸರಗೋಡು ಪೇಟೆಯಲ್ಲಿ ಊಟ. ಬಿಸಿಲು ಇಳಿಯುವವರೆಗೆ ಕೈಮಗ್ಗದ ಕಾಸರಗೋಡು ಸೀರೆ ನೋಡಬಹುದು. ಹತ್ತಿಯದ್ದು, ಬಾಳಿಕೆ ಜಾಸ್ತಿ. ಪೇಟೆಯಲ್ಲಿ ಕನ್ನಡ, ತುಳು ಎರಡೂ ನಡೆಯುತ್ತದೆ, ಕನ್ನಡದಲ್ಲೇ ಕೇಳಿ. ಬೋರ್ಡು ಮಲಯಾಳದಲ್ಲಿದೆ ಎಂದು ಹಿಂಜರಿಯಬೇಡಿ. 1956ರ ನವೆಂಬರ್ 1ರವರೆಗೆ ಇದೂ ದಕ್ಷಿಣ ಕನ್ನಡವೇ ಆಗಿತ್ತಲ್ವಾ. ಗಡಿಯಾಚೆಯಿಂದ ಬಂದವರು ಕನ್ನಡದಲ್ಲಿ ಮಾತಾಡಿಸಿದರೆ ಇಲ್ಲಿಯವರಿಗೆ ನಿಜಕ್ಕೂ ಖುಷಿಯಾಗುತ್ತದೆ.

ಮೂರು ಗಂಟೆಗೆ ಹೊರಟು ಚಂದ್ರಗಿರಿ ಸೇತುವೆ ದಾಟಿ ಉದುಮ ದಾರಿಯಲ್ಲಿ ಹೋಗಿ. ಬೇಕಲ ಕೋಟೆಯನ್ನು ಕಟ್ಟಿಸಿದವನು ನಮ್ಮ ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ. ಆಮೇಲೆ ಹೈದರಾಲಿ, ಟಿಪ್ಪು, ಕೊನೆಗೆ ಇಂಗ್ಲಿಷರ ಕೈಗೆ ಹೋಯಿತು. ಒಳಗೆ ಅರಮನೆ ಹುಡುಕಬೇಡಿ, ಇದು ಪೂರ್ತಿ ಕಾವಲಿಗೆಂದೇ ಕಟ್ಟಿದ್ದು. ನಡುವಿನ ವೀಕ್ಷಣಾ ಗೋಪುರಕ್ಕೆ ಮೆಟ್ಟಿಲಿನ ಬದಲು ಅಗಲವಾದ ಇಳಿಜಾರು ದಾರಿ ಇದೆ. ಮಂಡಿನೋವಿನವರೂ ನಿಧಾನಕ್ಕೆ ಹತ್ತಬಹುದು. ಅಲ್ಲಿಂದ ಕಡಲು ಮತ್ತು ತೆಂಗಿನ ತೋಟ ಎರಡೂ ಕಾಣುತ್ತದೆ. ಸಂಜೆ ಗೇಟು ಮುಚ್ಚುವುದರಿಂದ ಸೂರ್ಯಾಸ್ತವನ್ನು ಪಕ್ಕದ ಬೀಚಿನಲ್ಲೇ ನೋಡಬೇಕು.

ಇದಕ್ಕಿಂತ ಹೆಚ್ಚು ತುರುಕಬೇಡಿ. ದಿನಕ್ಕೆ ಏಳೆಂಟು ಜಾಗ ತೋರಿಸ್ತೇವೆ ಎನ್ನುವ ಟೂರಿನಲ್ಲಿ ಮುಕ್ಕಾಲು ಹೊತ್ತು ಹತ್ತಿ ಇಳಿಯುವುದರಲ್ಲೇ ಹೋಗುತ್ತದೆ. ಬಸ್ಸಿನವರ ಹತ್ತಿರ ಕೇರಳಕ್ಕೆ ಪರ್ಮಿಟ್, ತೆರಿಗೆ ಎಲ್ಲ ಸರಿ ಇದೆಯಾ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಗಡಿಯಲ್ಲಿ ಬಸ್ ನಿಂತರೆ ನಿಮ್ಮ ಬೆಳಗ್ಗಿನ ಹೊತ್ತೇ ಹಾಳು.

ಒಂದು ಬದಲಾವಣೆ ಮಾತ್ರ ನಾನು ಒಪ್ಪುತ್ತೇನೆ. ನಿಮ್ಮಲ್ಲಿ ಓದುವ ಹುಚ್ಚಿನವರು ಜಾಸ್ತಿ ಇದ್ದರೆ ಮಧೂರನ್ನು ಇನ್ನೊಂದು ಸಲಕ್ಕೆ ಇಟ್ಟು ಮಂಜೇಶ್ವರದಲ್ಲಿ ಇಳಿಯಿರಿ. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ ಗೋವಿಂದ ಪೈಗಳ ಮನೆ ಅಲ್ಲಿದೆ, ಈಗ ಗಿಳಿವಿಂಡು ಎಂಬ ಸ್ಮಾರಕ. ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಮೊದಲೇ ವಿಚಾರಿಸಿ, ಇಷ್ಟು ಜನ ಬರ್ತೇವೆ ಎಂದು ತಿಳಿಸಿಡಿ.