ಹೈ-ಗೇನ್ ಆಂಪ್‌ಗಳ ಕತೆ: ಒಡಕು ಹಿಂದಿನಿಂದ ಮುಂದಕ್ಕೆ ಬಂದದ್ದು ಹೇಗೆ

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಟ್ರೈನಿನಲ್ಲಿ ಮೆಟಲ್ (ಅಬ್ಬರದ ರಾಕ್ ಸಂಗೀತ) ಕೇಳುವ ಮೂವರು ಸಿಕ್ಕರೆ ಸಾಕು, ಬಂಗಾರಪೇಟೆ ಬರುವಷ್ಟರಲ್ಲಿ ಜಗಳ ಶುರು. ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್‌ಗಳಲ್ಲಿ ಮಾರ್ಷಲ್ ಮೇಲಾ, ಮೆಸಾ ಬೂಗಿ ಮೇಲಾ, ಪೀವಿ 5150 ಮೇಲಾ? ಇವರಲ್ಲಿ ಮುಕ್ಕಾಲು ಜನ ಆ ಆಂಪ್‌ಗಳನ್ನು ಮುಟ್ಟಿ ನೋಡಿಲ್ಲ. ಹೆಡ್‌ಫೋನಿನಲ್ಲಿ ಕೇಳಿರುತ್ತಾರೆ, ಅಷ್ಟೇ. ಆದರೂ ವಾದ ಸುಮ್ನೆ ಹುಟ್ಟಿದ್ದಲ್ಲ, ಮೂರರ ಸದ್ದೂ ನಿಜವಾಗಿ ಬೇರೆ ಬೇರೆ. ಯಾವುದರಲ್ಲಿ ಗೇನ್, ಅಂದರೆ ಅಲೆಯನ್ನು ಹಿಗ್ಗಿಸುವ ಶಕ್ತಿ, ಜಾಸ್ತಿ ಅಂತ ಅಳೆಯಲು ಹೋದರೆ ಮಾತ್ರ ಏನೂ ಗಿಟ್ಟುವುದಿಲ್ಲ. 1992ರ ಹೊತ್ತಿಗೇ ಯಾರಿಗೂ ಬೇಕಾಗದಷ್ಟು ಗೇನ್ ಆಂಪ್‌ಗಳಲ್ಲಿ ಬಂದುಬಿಟ್ಟಿತ್ತು. ಸದ್ದು ಯಾವ ಹಂತದಲ್ಲಿ ಒಡೆಯುತ್ತದೆ, ಒಡೆಯುವ ಮೊದಲು ಅದರಿಂದ ಬೇಸ್ ಎಷ್ಟು ತೆಗೆದಿದ್ದಾರೆ, ಅಲ್ಲಿದೆ ವ್ಯತ್ಯಾಸ.

ಒಡಕು ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಜಾತ್ರೆಯಲ್ಲಿ ಮೈಕ್ ಸೆಟ್ಟಿನವನು ವಾಲ್ಯೂಮ್ ಪೂರ್ತಿ ಏರಿಸಿದಾಗ ಹಾರ್ನಿನಲ್ಲಿ ಹಾಡು ಒಡೆಯುತ್ತದಲ್ಲ, ಅದೇ. ಆಂಪ್‌ನ ಪವರ್ ಸಪ್ಲೈಗೆ ಒಂದು ಮಿತಿ ಇದೆ. ಅದಕ್ಕಿಂತ ಎತ್ತರದ ಅಲೆ ಬಂದರೆ ತುದಿ ಕತ್ತರಿಸಿ ಹೋಗುತ್ತದೆ. ತುದಿ ಚಪ್ಪಟೆಯಾದಾಗ ಮೂಲ ಸ್ವರದಲ್ಲಿ ಇಲ್ಲದ ಹಾರ್ಮೋನಿಕ್‌ಗಳು, ಅಂದರೆ ಅದರ ಎರಡು, ಮೂರು ಪಟ್ಟು ಕಂಪನದ ಮೇಲಿನ ಸ್ವರಗಳು, ಹುಟ್ಟುತ್ತವೆ. ಎರಡು ಸ್ವರ ಒಟ್ಟಿಗೆ ನುಡಿಸಿದರೆ ಅವುಗಳ ಮೊತ್ತ, ವ್ಯತ್ಯಾಸದ ಸ್ವರಗಳೂ ಸೇರಿಕೊಳ್ಳುತ್ತವೆ. ಸ ಮತ್ತು ಪ ಎರಡೇ ಇರುವ ಪವರ್ ಕಾರ್ಡ್‌ನಲ್ಲಿ ಇವೆಲ್ಲ ಹೊಂದಿಕೊಳ್ಳುತ್ತವೆ. ಪೂರ್ತಿ ಆರು ತಂತಿಯ ಕಾರ್ಡ್ ಬಾರಿಸಿದರೆ ಬರೀ ಕೆಸರು. ಮೆಟಲ್‌ನವರು ಎರಡು ತಂತಿಗೆ ಅಂಟಿಕೊಂಡಿದ್ದಕ್ಕೆ ಇದೂ ಒಂದು ಕಾರಣ, ಬರೀ ಸೋಮಾರಿತನವಲ್ಲ.

ಈಗ ಕತೆಗೆ ಬರೋಣ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟುಕೊಂಡಿದ್ದ ಜಿಮ್ ಮಾರ್ಷಲ್ 60ರ ದಶಕದ ಶುರುವಿನಲ್ಲಿ ಅಮೆರಿಕದ ಫೆಂಡರ್ ಬೇಸ್‌ಮನ್ ಆಂಪ್‌ನ ಸರ್ಕ್ಯೂಟನ್ನು ಹೆಚ್ಚುಕಡಿಮೆ ಹಾಗೇ ಇಳಿಸಿ ಜೆಟಿಎಂ 45 ಮಾಡಿಸಿದರು. ಮೊದಲ ಹಂತದಲ್ಲಿ ಫೆಂಡರ್‌ನವರು ಹಾಕಿದ್ದಕ್ಕಿಂತ ಜಾಸ್ತಿ ಗೇನ್ ಕೊಡುವ ಇಸಿಸಿ83 ವಾಲ್ವ್ (ಅಲೆಯನ್ನು ಹಿಗ್ಗಿಸುವ ಗಾಜಿನ ಕೊಳವೆ) ಕೂತಿತು. ಅಷ್ಟಕ್ಕೇ ಸದ್ದಿನ ಗುಣ ಬದಲಾಯಿತು. ದಿ ಹೂ ತಂಡದ ಪೀಟ್ ಟೌನ್‌ಶೆಂಡ್ ಇನ್ನೂ ಜೋರು ಬೇಕು ಎಂದಾಗ 1965ರಲ್ಲಿ 100 ವಾಟ್ ಆಂಪ್ ಬಂತು. ಅದರಲ್ಲಿ ಹೆಸರು ಮಾಡಿದ್ದು 1959 ಸೂಪರ್ ಲೀಡ್. ಆ 1959 ಇಸವಿಯಲ್ಲ, ಮಾಡೆಲ್ ನಂಬರು. ಇದರಲ್ಲೇ ಎಷ್ಟೋ ಜನ ಎಡವುತ್ತಾರೆ.

ಈ ಆಂಪ್‌ಗೆ ಮಾಸ್ಟರ್ ವಾಲ್ಯೂಮ್, ಅಂದರೆ ಒಡಕನ್ನು ಹಾಗೇ ಇಟ್ಟು ಜೋರನ್ನಷ್ಟೇ ಇಳಿಸುವ ಗುಂಡಿ, ಇರಲಿಲ್ಲ. ಒಡಕು ಬೇಕು ಅಂದರೆ ಹಿಂದಿನ, ಸ್ಪೀಕರ್ ಓಡಿಸುವ ಪವರ್ ವಾಲ್ವ್‌ಗಳೇ ಸುಸ್ತಾಗುವವರೆಗೆ ಏರಿಸಬೇಕು. ಅಷ್ಟು ಹೊತ್ತಿಗೆ ಎದುರು ನಿಂತವನ ಕಿವಿ ಹೋಗಿರುತ್ತದೆ. 100 ವಾಟ್ ಬದಲು 50 ವಾಟ್ ತಂದರೆ ಅರ್ಧ ಸದ್ದು ಅಂದುಕೊಳ್ಳಬೇಡಿ. ಕಡಿಮೆಯಾಗುವುದು ಬರೀ 3 ಡೆಸಿಬಲ್. ಕಿವಿಗೆ ಅರ್ಧ ಅನ್ನಿಸಬೇಕಾದರೆ 10 ವಾಟ್‌ಗೆ ಇಳಿಯಬೇಕು.

ಬರ್ಮಿಂಗ್‌ಹ್ಯಾಮ್‌ನ ಟೋನಿ ಅಯೋಮಿ ಇಲ್ಲಿ ಬರುತ್ತಾರೆ. ಶೀಟ್ ಮೆಟಲ್ ಫ್ಯಾಕ್ಟರಿಯ ಮೆಷಿನ್‌ಗೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಗಿತ್ತು. ಅವರು ಎಡಚರು, ತಂತಿ ಒತ್ತುವ ಕೈಯೇ ಅದು. ಸಡಿಲ ತಂತಿ ಕೈಗೆ ಸುಲಭ. 1971ರ ಆಲ್ಬಮ್ಮಿನಲ್ಲಿ ಅವರ ತಂಡ ಬ್ಲ್ಯಾಕ್ ಸಬಾತ್ ಮೂರು ಸೆಮಿಟೋನ್ (ಗಿಟಾರಿನ ಮೂರು ಮನೆ) ಕೆಳಗಿಳಿದು ನುಡಿಸಿತು. ಸಾಮಾನ್ಯ ಗಿಟಾರಿನ ದಪ್ಪ ತಂತಿ 82 ಹರ್ಟ್ಸ್, ಅದು 69ಕ್ಕೆ ಬಂತು. ಆಂಪ್ ಲೇನಿ ಕಂಪನಿಯದು. ಆದರೆ ನನ್ನ ಪ್ರಕಾರ ಅದರ ಮುಂದಿದ್ದ ಡಲಾಸ್ ರೇಂಜ್‌ಮಾಸ್ಟರ್ ಎಂಬ ಸಣ್ಣ ಪೆಟ್ಟಿಗೆಯೇ ಮುಖ್ಯ. ಅದು ಟ್ರೆಬಲ್ ಬೂಸ್ಟರ್. ಬೇಸನ್ನು ಹಿಂದೆ ಬಿಟ್ಟು ಮೇಲಿನ ಭಾಗವನ್ನಷ್ಟೇ ಆಂಪ್‌ಗೆ ತಳ್ಳುತ್ತದೆ. ಭಾರದ ಸಂಗೀತ ಶುರುವಾಗಿದ್ದೇ ಬೇಸ್ ಕತ್ತರಿಸಿ! ದಪ್ಪ ಅಲೆಗಳು ಒಡೆದರೆ ಗೊರಗೊರ ಅನ್ನುತ್ತವೆ, ಉಳಿದದ್ದನ್ನೆಲ್ಲ ನುಂಗಿಬಿಡುತ್ತವೆ. ಮುಂದಿನ ಐವತ್ತು ವರ್ಷ ಎಲ್ಲರೂ ಮಾಡಿದ್ದು ಇದನ್ನೇ, ಬೇರೆ ಬೇರೆ ಪೆಟ್ಟಿಗೆಯಲ್ಲಿ.

ಅಮೆರಿಕದ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ವೇರಿಯಾಕ್ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಇಟ್ಟು ಮಾರ್ಷಲ್‌ಗೆ ಬರುವ ಕರೆಂಟನ್ನು 120 ವೋಲ್ಟ್‌ನಿಂದ 90ರ ಆಸುಪಾಸಿಗೆ ಇಳಿಸುತ್ತಿದ್ದರು. ಅದರಿಂದ ಬಂದ ಸದ್ದಿಗೆ ಬ್ರೌನ್ ಸೌಂಡ್ ಅಂತ ದೊಡ್ಡ ಹೆಸರು. ಬೇಸಿಗೆಯ ಸಂಜೆ ನಮ್ಮ ಹಳ್ಳಿಗಳಲ್ಲಿ ಬೋರ್‌ವೆಲ್ ಮೋಟರುಗಳೆಲ್ಲ ಒಟ್ಟಿಗೆ ಶುರುವಾದಾಗ ವೇರಿಯಾಕ್ ಇಲ್ಲದೆ, ಪುಕ್ಕಟೆಯಾಗಿ ಇದು ಸಿಗುತ್ತದೆ. ತಮಾಷೆ ಬಿಡಿ, ಅದು ವಾಲ್ವ್‌ಗೆ ಒಳ್ಳೆಯದೇನಲ್ಲ. ವಾಲ್ವ್ ಒಳಗಿನ ಹೀಟರ್‌ಗೆ 6.3 ವೋಲ್ಟ್ ಬೇಕು. ಮನೆಯ ವೋಲ್ಟೇಜ್ ಬಿದ್ದರೆ ಅದೂ ಬೀಳುತ್ತದೆ.

ನಿಜವಾದ ತಿರುವು ಕ್ಯಾಲಿಫೋರ್ನಿಯಾದಲ್ಲಿ. ಮೆಸಾ ಬೂಗಿಯ ರ‍್ಯಾಂಡಲ್ ಸ್ಮಿತ್ ಸಣ್ಣ ಫೆಂಡರ್ ಪ್ರಿನ್ಸ್‌ಟನ್ ಆಂಪ್‌ಗಳೊಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್, ದೊಡ್ಡ ಸ್ಪೀಕರ್ ತುರುಕಿ ಮಾರುತ್ತಿದ್ದರು. ಆಮೇಲೆ ಮುಂಭಾಗದಲ್ಲಿ ಇನ್ನೊಂದು ವಾಲ್ವ್ ಹಂತ ಸೇರಿಸಿದರು. ಒಂದು ಹಂತ ಇನ್ನೊಂದನ್ನು ತಳ್ಳುತ್ತದೆ, ಅದು ಮತ್ತೊಂದನ್ನು. ಒಡಕು ಮುಂದೆಯೇ ಹುಟ್ಟುತ್ತದೆ, ಕೊನೆಯಲ್ಲಿರುವ ಮಾಸ್ಟರ್ ವಾಲ್ಯೂಮ್ ಎಷ್ಟು ಜೋರು ಬೇಕೋ ಅಷ್ಟು ಬಿಡುತ್ತದೆ. ಜೋರು ಮತ್ತು ಒಡಕು ಬೇರೆ ಬೇರೆ ಆದದ್ದು ಇಲ್ಲಿ. ಮಾರ್ಷಲ್ ಕೂಡ 1975ರಲ್ಲಿ ಇದೇ ದಾರಿ ಹಿಡಿದು 2203 ತಂದಿತು. 1981ರಲ್ಲಿ ಅದೇ ಸರ್ಕ್ಯೂಟ್ ಜೆಸಿಎಂ 800 ಎಂಬ ಹೊಸ ಅಂಗಿ ತೊಟ್ಟಿತು. ಜೆಸಿಎಂ ಅಂದರೆ ಜೇಮ್ಸ್ ಚಾರ್ಲ್ಸ್ ಮಾರ್ಷಲ್.

ಈ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮೆಸಾ ಮಾರ್ಕ್ ಸರಣಿಯಲ್ಲಿ ಬೇಸ್, ಮಿಡ್ಲ್, ಟ್ರೆಬಲ್ ಗುಂಡಿಗಳು ಒಡಕಿಗಿಂತ ಮೊದಲು ಇವೆ. ಮಾರ್ಷಲ್‌ನಲ್ಲಿ ಒಡಕಿನ ನಂತರ. ಹಾಗಾಗಿ ಮಾರ್ಕ್‌ನಲ್ಲಿ ಬೇಸ್ ಗುಂಡಿಯನ್ನು ಸೊನ್ನೆ ಅಥವಾ ಒಂದರಲ್ಲಿ ಇಡುತ್ತಾರೆ, ಹೊಸಬರು ನೋಡಿ ಗಾಬರಿಯಾಗುತ್ತಾರೆ. ತೆಗೆದ ಬೇಸನ್ನು ಒಡಕಾದ ಮೇಲೆ ಐದು ಪಟ್ಟಿಯ ಗ್ರಾಫಿಕ್ ಈಕ್ವಲೈಜರ್‌ನಲ್ಲಿ ವಾಪಸ್ ತರುತ್ತಾರೆ, ನಡುವಿನ ಪಟ್ಟಿ ಕೆಳಗೆ, ಎರಡು ಕಡೆಯವು ಮೇಲೆ. 1986ರ ‘ಮಾಸ್ಟರ್ ಆಫ್ ಪಪೆಟ್ಸ್’ನಲ್ಲಿ ಮೆಟಾಲಿಕಾದ ಆ ಬಿಗಿಯಾದ ಕಚ ಕಚ ಬಂದದ್ದು ಮಾರ್ಕ್ ಟು ಸಿ ಪ್ಲಸ್ ಆಂಪ್‌ನಿಂದ. ಜೆಸಿಎಂ 800ರಲ್ಲಿ ಮಿಡ್ ಮುಂದೆ ಬಂದು ಬೊಗಳುತ್ತದೆ. ವೇಗದ ಮೆಟಲ್ ಆದ ಥ್ರಾಷ್‌ಗೆ ಅದರ ಸ್ವಂತ ಗೇನ್ ಸಾಲದು, ಅದಕ್ಕೇ ಎದುರಿಗೆ ಹಸಿರು ಬಣ್ಣದ ಐಬನೇಜ್ ಟ್ಯೂಬ್ ಸ್ಕ್ರೀಮರ್ ಪೆಡಲ್ (ಕಾಲಲ್ಲಿ ಒತ್ತುವ ಪೆಟ್ಟಿಗೆ). ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಅದು ಕೆಳಗಿನ ಬೇಸ್ ತೆಗೆದು 700 ಹರ್ಟ್ಸ್ ಸುತ್ತಮುತ್ತಲನ್ನು ಎತ್ತಿ ಕೊಡುತ್ತದೆ. ಮತ್ತೆ ಅದೇ ಅಯೋಮಿ ಉಪಾಯ.

1987ರಲ್ಲಿ ಮೈಕ್ ಸೊಲ್ಡಾನೊ ಎಸ್‌ಎಲ್‌ಒ-100 ತಂದರು. ಹಾಟ್ ರಾಡ್ ಮಾಡಿದ, ಅಂದರೆ ಗೇನ್ ಏರಿಸಲು ಒಳಗೆ ತಿದ್ದಿದ, ಮಾರ್ಷಲ್‌ಗಳ ಹುಚ್ಚನ್ನು ಅಚ್ಚುಕಟ್ಟಾಗಿ ಒಂದು ಡಬ್ಬಿಯಲ್ಲಿ ಕೂರಿಸಿದ ಆಂಪ್ ಅದು. ಅದರ ಒಳಗೆ ಒಂದು ಚಿಕ್ಕ ವಿಷಯ ನೋಡಬೇಕು. ವಾಲ್ವ್‌ನ ಕ್ಯಾಥೋಡ್ (ಎಲೆಕ್ಟ್ರಾನ್ ಹೊರಬಿಡುವ ಭಾಗ) ಕೆಳಗೆ ಸಾಮಾನ್ಯವಾಗಿ ಒಂದೆರಡು ಕಿಲೋ ಓಮ್ ರೆಸಿಸ್ಟರ್ ಇರುತ್ತದೆ. ಜೆಸಿಎಂ 800ರ ಎರಡನೇ ಹಂತದಲ್ಲಿ ಅದು 10 ಕಿಲೋ ಓಮ್. ಸೊಲ್ಡಾನೊ ಒಂದು ಹಂತದಲ್ಲಿ 39 ಕಿಲೋ ಓಮ್ ಹಾಕಿದರು. ಆಗ ಆ ವಾಲ್ವ್ ಅರೆನಿದ್ದೆಯಲ್ಲಿ ಇರುತ್ತದೆ, ಅಲೆಯ ಒಂದು ಬದಿ ಬರುತ್ತಿದ್ದಂತೆ ಪೂರ್ತಿ ಮುಚ್ಚಿಕೊಳ್ಳುತ್ತದೆ, ಇನ್ನೊಂದು ಬದಿಯನ್ನು ಮಾತ್ರ ಬಿಡುತ್ತದೆ. ಕೋಲ್ಡ್ ಕ್ಲಿಪ್ಪರ್ ಎನ್ನುವುದು ಇದಕ್ಕೇ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದೆರಡು ರೂಪಾಯಿಗೆ ಸಿಗುವ ಆ ರೆಸಿಸ್ಟರ್ ಮುಂದಿನ ಮೆಟಲ್ ಸದ್ದಿನ ಅರ್ಧ ಭಾಗವನ್ನು ತೀರ್ಮಾನಿಸಿತು ಅಂದರೆ ಉತ್ಪ್ರೇಕ್ಷೆಯಲ್ಲ. ಮೆಸಾದ ಡ್ಯುಯಲ್ ರೆಕ್ಟಿಫೈಯರ್ ಈ ಮನೆತನದ್ದೇ, ಪೀವಿ 5150 ಕೂಡ.

ಹಾಗಾದರೆ ಆ ಎರಡೂ ಒಂದೇ ಥರ ಯಾಕೆ ಕೇಳುವುದಿಲ್ಲ? ರೆಕ್ಟಿಫೈಯರ್‌ನಲ್ಲಿ ಒಡಕಿಗೆ ಮೊದಲು ಬೇಸ್ ಜಾಸ್ತಿ ಬಿಟ್ಟಿದ್ದಾರೆ. ಮಾಡರ್ನ್ ಮೋಡ್‌ಗೆ ಹಾಕಿದರೆ ಹೊರಬಂದ ಸದ್ದನ್ನು ಸ್ವಲ್ಪ ಹಿಂದಕ್ಕೆ ಕಳಿಸಿ ಹದ್ದುಬಸ್ತಿನಲ್ಲಿಡುವ, ಪವರ್ ಭಾಗದ ನೆಗೆಟಿವ್ ಫೀಡ್‌ಬ್ಯಾಕ್ ತೆಗೆದುಬಿಡುತ್ತದೆ, ಸ್ಪೀಕರ್ ಮೇಲಿನ ಹಿಡಿತ ಸಡಿಲವಾಗಿ ಕೆಳಗೆ ದಡದಡ, ಮೇಲೆ ಚುರುಚುರು. ಕಾರ್ನ್ ತರಹದ ನು-ಮೆಟಲ್ ತಂಡಗಳಿಗೆ ಅದು ಸರಿಹೋಯಿತು. ವೇಗದ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ತುಣುಕು) ನುಡಿಸುವವರು ಅದರ ಎದುರಿಗೂ ಟ್ಯೂಬ್ ಸ್ಕ್ರೀಮರ್ ಇಡುತ್ತಾರೆ. 1992ರಲ್ಲಿ ವ್ಯಾನ್ ಹೇಲನ್ ಹೆಸರಿನಲ್ಲಿ ಬಂದ 5150, 120 ವಾಟ್‌ನದು, ಇನ್ನೂ ಬಿಗಿ, ಇನ್ನೂ ಒರಟು. ಬೆಲೆಯೂ ಸೊಲ್ಡಾನೊಗಿಂತ ಎಷ್ಟೋ ಕಡಿಮೆ. ವ್ಯಾನ್ ಹೇಲನ್ ಪಾರ್ಟಿ ರಾಕ್‌ಗೆ ಅಂತ ಮಾಡಿಸಿದ್ದನ್ನು ಮಷೀನ್ ಹೆಡ್ ತರಹದ ತಂಡಗಳು ಎತ್ತಿಕೊಂಡು ಹೋದವು. 2004ರಲ್ಲಿ ವ್ಯಾನ್ ಹೇಲನ್ ಪೀವಿ ಬಿಟ್ಟ ಮೇಲೆ ಅದೇ ಆಂಪ್‌ಗೆ 6505 ಅಂತ ಹೆಸರು ಬಂತು. ಕಂಪನಿ ಹುಟ್ಟಿದ 1965, ನಲವತ್ತು ತುಂಬಿದ 2005, ಎರಡರ ಬಾಲ.

ವಾಲ್ವ್ ಇಲ್ಲದೆ ಮೆಟಲ್ ಇಲ್ಲ ಅನ್ನುವವರಿಗೆ ಎರಡೇ ಹೆಸರು ಹೇಳಿದರೆ ಸಾಕು. ಪ್ಯಾಂಟೆರಾದ ಡೈಮ್‌ಬ್ಯಾಗ್ ಡ್ಯಾರೆಲ್ ನುಡಿಸಿದ್ದು ರ‍್ಯಾಂಡಲ್ ಎಂಬ ಕಂಪನಿಯ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ. ಡೆತ್ ತಂಡದ ಚಕ್ ಷುಲ್ಡಿನರ್ ಬಳಸಿದ್ದು ಮಾರ್ಷಲ್‌ನ ಅಗ್ಗದ ವಾಲ್ವ್‌ಸ್ಟೇಟ್, ಅದರಲ್ಲಿ ಮುಂದೆ ಒಂದೇ ಒಂದು ವಾಲ್ವ್, ಉಳಿದದ್ದು ಟ್ರಾನ್ಸಿಸ್ಟರ್. ಸ್ವೀಡನ್ನಿನ ಹುಡುಗರಂತೂ ಬಾಸ್ ಕಂಪನಿಯ ಎಚ್‌ಎಂ-2 ಪೆಡಲಿನ ನಾಲ್ಕೂ ಗುಂಡಿ ಪೂರ್ತಿ ತಿರುಗಿಸಿ ಒಂದು ಪ್ರಕಾರವನ್ನೇ ಹುಟ್ಟಿಸಿದರು.

ನಮ್ಮ ಕಡೆಗೆ ಈ ಆಂಪ್‌ಗಳು ಬಂದವಾ? ಬೆಂಗಳೂರಿನ ಬಾಡಿಗೆ ಅಂಗಡಿಗಳಿಗೆ ಬಂದವು, ಅಲ್ಲಿಂದ ಕಾಲೇಜು ಫೆಸ್ಟ್‌ಗಳಿಗೆ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ಆ ಸದ್ದು ಎದೆಗೆ ಬಡಿಯುವುದು ಹೇಗೆ ಅಂತ ಗೊತ್ತಾಯಿತು. ಆದರೆ ಕೋಲಾರ, ಬಂಗಾರಪೇಟೆ, ಮುಳಬಾಗಿಲಿನ ಗಿಟಾರಿಸ್ಟ್‌ಗೆ ಕೆಲಸ ಕೊಡುವುದು ಗಣೇಶನ ಆರ್ಕೆಸ್ಟ್ರಾ. ಅಲ್ಲಿ ಆಂಪ್ ಎಲ್ಲಿ? ಪೆಡಲಿನ ವೈರು ಸೀದಾ ಮಿಕ್ಸರ್‌ಗೆ. ಬಾಸ್ ಮೆಟಲ್ ಜೋನ್ ಒತ್ತಿದ ಕೂಡಲೇ ಸ್ಟೇಜಿನ ದೊಡ್ಡ ಬಾಕ್ಸ್‌ಗಳಲ್ಲಿ ಜೀರುಂಡೆ ಹಿಂಡು ಎದ್ದ ಹಾಗೆ ಜುಯ್ ಅನ್ನುತ್ತದೆ, ಮಿಕ್ಸರ್ ಅಣ್ಣ ಮುಖ ಕಿವುಚಿಕೊಂಡು ಫೇಡರ್ ಇಳಿಸುತ್ತಾನೆ. ಪೆಡಲ್ ಕೆಟ್ಟದ್ದು ಅಂತ ಎಲ್ಲರೂ ಬೈದರು. ಪಾಪ, ಅದರ ತಪ್ಪಲ್ಲ. ಗಿಟಾರ್ ಕ್ಯಾಬಿನೆಟ್ಟಿನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನದನ್ನು ಹೆಚ್ಚು ಹೊರಗೆ ಬಿಡುವುದೇ ಇಲ್ಲ, ಒಡಕಿನ ಚೂಪನ್ನೆಲ್ಲ ಅದೇ ಸೋಸುತ್ತದೆ. ಸ್ಟೇಜಿನ ಪಿಎ ಬಾಕ್ಸ್‌ನಲ್ಲಿ ಚೂಪು ಸದ್ದಿಗೆಂದೇ ಟ್ವೀಟರ್ ಇದೆ, ಅದು ಎಲ್ಲವನ್ನೂ ಉಗುಳುತ್ತದೆ. ನಾವು ಆಂಪ್ ಯಾವುದು ಅಂತ ಕಿತ್ತಾಡಿದೆವು, ಇಲ್ಲದ್ದು ಸ್ಪೀಕರ್.

ಇದನ್ನು ಸರಿಮಾಡಿದ್ದು ಕಂಪ್ಯೂಟರ್. ಆಂಪ್, ಸ್ಪೀಕರ್ ಎರಡರ ಗುಣವನ್ನೂ ಲೆಕ್ಕಹಾಕಿ ಅನುಕರಿಸುವ ಮಾಡೆಲರ್‌ಗಳು ಬಂದವು. 1998ರಲ್ಲಿ ಲೈನ್ 6ನ ಪಾಡ್, 2006ರಲ್ಲಿ ಫ್ರ್ಯಾಕ್ಟಲ್‌ನ ಆಕ್ಸ್-ಎಫ್ಎಕ್ಸ್, ಆಮೇಲೆ ನಿಜವಾದ ಆಂಪನ್ನು ಕೇಳಿ ನಕಲು ಹಿಡಿಯುವ ಕೆಂಪರ್. 2013ರ ಡಿಸೆಂಬರಿನಲ್ಲಿ ಮೆಟಾಲಿಕಾ ಇಂಥ ಪೆಟ್ಟಿಗೆ ಇಟ್ಟುಕೊಂಡೇ ಅಂಟಾರ್ಕ್ಟಿಕಾದಲ್ಲಿ ನುಡಿಸಿದಾಗ ಅಲ್ಲಿ ಗದ್ದಲ ಮಾಡುವ ಹಾಗಿರಲಿಲ್ಲ, ಕೇಳುಗರಿಗೆಲ್ಲ ಹೆಡ್‌ಫೋನ್ ಕೊಟ್ಟಿದ್ದರು. ಕ್ಯಾಬಿನೆಟ್ ಮತ್ತು ಮೈಕಿನ ಗುಣವನ್ನು ಹಿಡಿದಿಟ್ಟ ಚಿಕ್ಕ ಫೈಲಿಗೆ ಐಆರ್ ಅನ್ನುತ್ತಾರೆ. ಈಗ ನ್ಯೂರಲ್ ಆಂಪ್ ಮಾಡೆಲರ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ಯಾರೋ ಎಲ್ಲೋ ತಮ್ಮ 5150ಯಿಂದ ಹಿಡಿದ ನಕಲನ್ನು ಕೆಜಿಎಫ್‌ನ ಹುಡುಗ ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಗೆ ಕೇಳಿಸದ ಹಾಗೆ ನುಡಿಸಬಹುದು. ಹೊಸ ವಾಲ್ವ್ ಹೆಡ್ (ಸ್ಪೀಕರ್ ಇಲ್ಲದ ಬರೀ ಆಂಪ್) ಕೊಳ್ಳಲು ಲಕ್ಷದ ಮೇಲೆ ಬೇಕು, ಕ್ಯಾಬಿನೆಟ್ ಬೇರೆ. ಒಂದು ಕಾಲದಲ್ಲಿ ಬೆಂಗಳೂರಿನ ಬಿಇಎಲ್ ಕೂಡ ವಾಲ್ವ್ ತಯಾರಿಸುತ್ತಿತ್ತು. ಈಗ ಹೊಸ ವಾಲ್ವ್ ಬರುವುದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾದಿಂದ.

ಕರೆಂಟಿನ ವಿಷಯದಲ್ಲೂ ಮಾಡೆಲರ್ ನಮಗೆ ವಾಸಿ. 1902ರಲ್ಲೇ, ಬೆಂಗಳೂರಿಗಿಂತ ಮೂರು ವರ್ಷ ಮೊದಲೇ, ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಬಂದಿತ್ತು ಅಂತ ನಾವು ಹೆಮ್ಮೆ ಪಡುತ್ತೇವೆ, ಇರಲಿ. ಛತ್ರದ ಅರ್ತಿಂಗ್ ಹೇಗಿರುತ್ತದೆ ಅಂತ ಗೊತ್ತಲ್ವಾ? ಹೈ-ಗೇನ್ ಆಂಪ್ ಸ್ವರವನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೋ ಕರೆಂಟಿನ ‘ಹಮ್’ ಸದ್ದನ್ನೂ ಅಷ್ಟೇ ಪಟ್ಟು ಮಾಡುತ್ತದೆ. ಸೀರಿಯಲ್ ಸೆಟ್ ಮಿನುಗಿದ ತಾಳಕ್ಕೆ ಗಿಟಾರ್ ಗುಂಯ್ ಅನ್ನುತ್ತದೆ. ಮಾಡೆಲರ್ ಇದನ್ನು ನಿಲ್ಲಿಸುವುದಿಲ್ಲ, ಗಿಟಾರಿನ ಪಿಕಪ್ಪೇ ಅದನ್ನು ಹಿಡಿಯುತ್ತದಲ್ಲ. ನುಡಿಸದಿದ್ದಾಗ ಬಾಯಿ ಮುಚ್ಚಿಸುವ ನಾಯ್ಸ್ ಗೇಟ್ ಮಾತ್ರ ಒಳಗೇ ಇರುತ್ತದೆ. ಮಾಡೆಲರ್‌ನ ಅಡಾಪ್ಟರ್ ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ಏನು ಕೊಟ್ಟರೂ ನಡೆಸುತ್ತದೆ.

ಯಾರಾದರೂ ಅಮೆರಿಕದಿಂದ ಸೆಕೆಂಡ್ ಹ್ಯಾಂಡ್ ಹೆಡ್ ತಂದಿದ್ದರೆ ಪ್ಲಗ್ ಹಾಕುವ ಮೊದಲು ಹಿಂದುಗಡೆ ಓದಿ. 120 ವೋಲ್ಟ್ ಅಂತಿದ್ದರೆ ನಮ್ಮ 230ಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಸ್ಟೆಬಿಲೈಜರ್ ಸಾಲದು. ಸ್ಪೀಕರ್ ವೈರು ಸಿಕ್ಕಿಸದೆ ವಾಲ್ವ್ ಹೆಡ್ ಆನ್ ಮಾಡಿ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಗೇನ್ ಅರ್ಧಕ್ಕಿಂತ ಕೆಳಗಿಟ್ಟು, ಎದುರಿಗೆ ಟ್ಯೂಬ್ ಸ್ಕ್ರೀಮರ್ ಇಟ್ಟು ಶುರುಮಾಡಿ. ಮೈಕನ್ನು ಸ್ಪೀಕರಿನ ಸರಿ ನಡುವಿನಿಂದ ಎರಡು ಬೆರಳಷ್ಟು ಪಕ್ಕಕ್ಕೆ ಸರಿಸಿದರೆ ಆಗುವ ಬದಲಾವಣೆ ಎಷ್ಟೋ ಸಲ ಆಂಪ್ ಬದಲಿಸಿದ್ದಕ್ಕಿಂತ ಜಾಸ್ತಿ.