ಆ ದೊಡ್ಡ ಬಟನ್ ಒಂದೇ ಸೈಟಿನದು

"ಯಾವುದೋ ಒಂದು ಸೈಟ್ ತೆರೆಯಲಿಲ್ಲ, ಅದಕ್ಕೆ ಆಡ್‌ಬ್ಲಾಕರ್ ತೆಗೆದುಬಿಟ್ಟೆ." ಕಂಪ್ಯೂಟರ್ ರಿಪೇರಿಗೆ ತರುವವರಿಂದ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಆ ಸಾಧನವನ್ನು ತೆಗೆಯುವ ಅಗತ್ಯವೇ ಇರಲಿಲ್ಲ.

ಫೈರ್‌ಫಾಕ್ಸ್‌ ಬ್ರೌಸರಿನಲ್ಲಿ ಯುಬ್ಲಾಕ್ ಆರಿಜಿನ್ ಎಂಬ ಆಡ್‌ಬ್ಲಾಕರಿನ ಚಿಹ್ನೆ ಒತ್ತಿದರೆ ದೊಡ್ಡ ಪವರ್ ಬಟನ್ ಕಾಣುತ್ತದೆ. ಅದನ್ನು ಒತ್ತಿದರೆ ಎಲ್ಲ ಕಡೆಯೂ ತಡೆ ನಿಂತುಹೋಗುತ್ತದೆ ಎಂದು ಜನ ಹೆದರುತ್ತಾರೆ. ಹಾಗಲ್ಲ. ನಿಲ್ಲುವುದು ಆಗ ನಿಮ್ಮ ಎದುರಿಗಿರುವ ಸೈಟಿಗೆ ಮಾತ್ರ. ಪಕ್ಕದ ಟ್ಯಾಬ್‌ನಲ್ಲಿ ಬೇರೆ ಸೈಟ್ ಇದ್ದರೆ ಅಲ್ಲಿ ತಡೆ ಹಾಗೇ ಇರುತ್ತದೆ. ನಾಳೆ ಬ್ರೌಸರ್ ತೆರೆದಾಗಲೂ ಈ ಆಯ್ಕೆ ನೆನಪಿರುತ್ತದೆ. ಕಂಟ್ರೋಲ್ ಕೀ ಹಿಡಿದು ಒತ್ತಿದರೆ ಆ ಒಂದು ಪುಟಕ್ಕಷ್ಟೇ. ಒತ್ತಿದ ಮೇಲೆ ಪುಟ ರಿಲೋಡ್ ಮಾಡಬೇಕು. ಇದನ್ನು ಮರೆತು "ಏನೂ ಆಗಲಿಲ್ಲ" ಅನ್ನುವವರೇ ಜಾಸ್ತಿ.

ಕ್ರೋಮ್‌ನಲ್ಲಿ ಈಗ ನಡೆಯುವುದು ಅದರ ಹಗುರ ರೂಪವಾದ ಯುಬ್ಲಾಕ್ ಆರಿಜಿನ್ ಲೈಟ್. ಅಲ್ಲಿ ತಡೆಯ ಮಟ್ಟವನ್ನು ಸೈಟಿಗೊಂದರಂತೆ ಇಳಿಸಬಹುದು. ಬ್ರೇವ್ ಬ್ರೌಸರಿನ ಸಿಂಹದ ಚಿಹ್ನೆಯೂ ಹೀಗೇ. ನಿಮ್ಮದು ಬೇರೆ ಆಡ್‌ಬ್ಲಾಕರ್ ಆಗಿದ್ದರೆ ಬಟನ್ ಬೇರೆ ಥರ ಕಾಣಬಹುದು, ಆದರೆ "ಈ ಸೈಟಿನಲ್ಲಿ ಮಾತ್ರ" ಎನ್ನುವ ಆಯ್ಕೆಯನ್ನು ಮೊದಲು ಹುಡುಕಿ.

ಸೈಟ್ ಕೆಡುವುದಾದರೂ ಏಕೆ? ಯಾವ ವಿಳಾಸದಿಂದ ಬಂದದ್ದನ್ನು ತಡೆಯಬೇಕು ಎನ್ನುವ ನಿಯಮಗಳ ಪಟ್ಟಿ ಇಟ್ಟುಕೊಂಡು ಆಡ್‌ಬ್ಲಾಕರ್ ಕೆಲಸ ಮಾಡುತ್ತದೆ. ಹೆಚ್ಚು ಬಳಕೆಯಲ್ಲಿರುವ ಈಸಿಲಿಸ್ಟ್ ಎಂಬ ಪಟ್ಟಿ 2005ರಿಂದ ಇದೆ. ಮನುಷ್ಯರು ಬರೆದ ನಿಯಮ ಅಲ್ವಾ, ಕೆಲವೊಮ್ಮೆ ಸೈಟಿಗೆ ಬೇಕಾದ ಸ್ಕ್ರಿಪ್ಟ್ (ಪುಟವನ್ನು ನಡೆಸುವ ಸಣ್ಣ ಪ್ರೋಗ್ರಾಂ) ಕೂಡ ಸಿಕ್ಕಿಬೀಳುತ್ತದೆ. ಯಾರಾದರೂ ತಿಳಿಸಿದರೆ ಪಟ್ಟಿ ತಿದ್ದುತ್ತಾರೆ. ತಿದ್ದಿದ ಪಟ್ಟಿ ತಾನಾಗಿಯೇ ನಿಮ್ಮಲ್ಲಿಗೂ ಬರುತ್ತದೆ.

ಒಮ್ಮೆ ನಿವೃತ್ತ ಶಿಕ್ಷಕಿಯೊಬ್ಬರು ಲ್ಯಾಪ್‌ಟಾಪ್ ತಂದರು. ಅರ್ಜಿಯ ಫಾರ್ಮ್‌ನಲ್ಲಿ ಸಲ್ಲಿಸುವ ಬಟನ್ನೇ ಬರುತ್ತಿರಲಿಲ್ಲ. "ನೀವು ಹೇಳಿದ ಹಾಗೇ ಆಫ್ ಮಾಡಿದೆನಪ್ಪಾ" ಎಂದರು. ಹೌದು, ಮಾಡಿದ್ದರು. ಆದರೆ ಒಳಗೆ ಇನ್ನೂ ಎರಡು ಆಡ್‌ಬ್ಲಾಕರ್ ಇದ್ದವು. ಜಾಸ್ತಿ ಇದ್ದರೆ ಜಾಸ್ತಿ ರಕ್ಷಣೆ ಎಂದು ಯಾರೋ ಹೇಳಿದ್ದರಂತೆ. ಒಂದನ್ನು ನಿಲ್ಲಿಸಿದರೆ ಉಳಿದವು ತಡೆಯುತ್ತಲೇ ಇರುತ್ತವೆ. ಪಾಪ, ಎರಡು ದಿನ ಅದೇ ಫಾರ್ಮ್ ಮುಂದೆ ಕೂತಿದ್ದರು. ಎರಡನ್ನು ತೆಗೆದೆ, ಒಂದನ್ನು ಆ ಸೈಟಿಗೆ ಮಾತ್ರ ಆಫ್ ಮಾಡಿದೆ, ಫಾರ್ಮ್ ಸಲ್ಲಿಕೆಯಾಯಿತು.

ಇಷ್ಟಾದರೂ ಪಾವತಿಯ ಕಿಟಕಿ ತೆರೆಯದಿದ್ದರೆ ಆಡ್‌ಬ್ಲಾಕರನ್ನೇ ದೂರಬೇಡಿ. ಪಾಪ್‌ಅಪ್ (ತಾನಾಗಿ ತೆರೆದುಕೊಳ್ಳುವ ಹೊಸ ಕಿಟಕಿ) ತಡೆ ಬ್ರೌಸರಿನೊಳಗೇ ಬೇರೆಯಾಗಿ ಇರುತ್ತದೆ. ಸೈಟಿನ ವಿಳಾಸ ಕಾಣುವ ಅಡ್ರೆಸ್ ಬಾರ್ ಹತ್ತಿರ ಅದರ ಸೂಚನೆ ಬಂದಿದೆಯೇ ನೋಡಿ, ಆ ಸೈಟಿಗೆ ಅನುಮತಿ ಕೊಡಿ. ಆ ಸೈಟನ್ನು ನೀವು ನಂಬುವುದಾದರೆ ಮಾತ್ರ.