ವಿಮಾನದ ಡಿಸಿನ್ಸೆಕ್ಷನ್: ಯಾವಾಗ ಹೊಡೆಯಬೇಕು, ಎಷ್ಟು ಹೊಡೆಯಬೇಕು, ಎಲ್ಲಿ ಕೆಡುತ್ತದೆ

ಮೊದಲು ಪದದ ಗೊಂದಲ ಕಳೆದುಕೊಳ್ಳಿ. ಡಿಸಿನ್ಸೆಕ್ಷನ್ ಎಂದರೆ ಕೀಟ ಕೊಲ್ಲುವುದು, ಡಿಸಿನ್ಫೆಕ್ಷನ್ ಎಂದರೆ ರೋಗಾಣು ಕೊಲ್ಲುವುದು. ಒಂದು ಮಾಡಿದರೆ ಇನ್ನೊಂದು ಮಾಡಿದಂತಾಗದು. ಸ್ಯಾನಿಟೈಸರ್ ಒರೆಸಿದ ಸೀಟಿನ ಮೇಲೂ ಸೊಳ್ಳೆ ಆರಾಮವಾಗಿ ಕೂರುತ್ತದೆ.

1994ರ ಬೇಸಿಗೆಯಲ್ಲಿ ಪ್ಯಾರಿಸ್‌ನ ರುವಾಸಿ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ, ಮಲೇರಿಯಾ ಇರುವ ದೇಶಕ್ಕೆ ಹೋಗದವರಿಗೂ ವಿಮಾನದಲ್ಲಿ ಬಂದಿಳಿದ ಸೊಳ್ಳೆ ಕಚ್ಚಿ ಮಲೇರಿಯಾ ಬಂತು. ಇದನ್ನೇ ‘ಏರ್‌ಪೋರ್ಟ್ ಮಲೇರಿಯಾ’ ಅನ್ನುವುದು. ಭಾರತದ ಚಿಂತೆ ಬೇರೆ, ಹಳದಿ ಜ್ವರದ್ದು. ವೈರಸ್ ಇಲ್ಲಿಲ್ಲ, ಆದರೆ ಅದನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ನಮ್ಮ ಹೂಕುಂಡದ ತಟ್ಟೆಯಲ್ಲೇ ಇದೆ. ಆದ್ದರಿಂದ ಹಳದಿ ಜ್ವರದ ಪ್ರದೇಶದಿಂದ ಬರುವ ವಿಮಾನಕ್ಕೆ 1954ರ ಭಾರತೀಯ ವಿಮಾನ (ಸಾರ್ವಜನಿಕ ಆರೋಗ್ಯ) ನಿಯಮಗಳಂತೆ ಇಲ್ಲವೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದಂತೆ ಮದ್ದು ಹೊಡೆದಿರಬೇಕು. ಹೊಡೆದಿಲ್ಲವಾದರೆ, ಲಸಿಕೆ ಪ್ರಮಾಣಪತ್ರವಿಲ್ಲದ ಪ್ರಯಾಣಿಕರನ್ನು 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅಂತರರಾಷ್ಟ್ರೀಯ ಮಟ್ಟದಲ್ಲಿ ಇದಕ್ಕೆ ಆಧಾರ 2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ 5ನೇ ಅನುಬಂಧ.

ವಿಧಾನಗಳ ಹೆಸರು ಬಾಯಿಪಾಠ ಮಾಡಬೇಕಿಲ್ಲ. ಮದ್ದು ಹೊಡೆಯುವಾಗ ಪ್ರಯಾಣಿಕರು ಎಲ್ಲಿದ್ದಾರೆ ಎಂದು ಕೇಳಿಕೊಂಡರೆ ಹೆಸರು ತಾನಾಗಿ ಬರುತ್ತದೆ.

ಇನ್ನೂ ಹತ್ತಿಲ್ಲವೇ? ಅದು ಪ್ರೀ-ಎಂಬಾರ್ಕೇಶನ್. 2% ಪರ್ಮೆಥ್ರಿನ್ ಮತ್ತು 2% ಡಿ-ಫಿನೋಥ್ರಿನ್ (ಎರಡೂ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು) ಎರಡೂ ಇರುವ ಏರೋಸಾಲ್, ಪ್ರಯಾಣಿಕರು ಹತ್ತುವ ಮುಂಚಿನ 40 ನಿಮಿಷದೊಳಗೆ. ಹತ್ತಿ ಕೂತಾಯಿತು, ಬಾಗಿಲು ಮುಚ್ಚಿದೆ, ಚಕ್ರದ ಅಡ್ಡಗಟ್ಟೆ ತೆಗೆದಿದೆ, ಇನ್ನೂ ಹಾರಿಲ್ಲ: ಅದು ಬ್ಲಾಕ್ಸ್ ಅವೇ, 2% ಡಿ-ಫಿನೋಥ್ರಿನ್. ಎರಡು ಕಂತಿನದು ಪ್ರೀ-ಫ್ಲೈಟ್ ಮತ್ತು ಟಾಪ್ ಆಫ್ ಡಿಸೆಂಟ್. ನೆಲದಲ್ಲಿ ಪ್ರಯಾಣಿಕರಿಲ್ಲದಾಗ ಮೇಲಿನ ಲಾಕರ್, ಕಪಾಟು ತೆರೆದು ಪರ್ಮೆಥ್ರಿನ್. ವಿಮಾನ ಇಳಿಯತೊಡಗುವಾಗ ಕ್ಯಾಬಿನ್‌ನಲ್ಲಿ ಡಿ-ಫಿನೋಥ್ರಿನ್. ಒಂದೇ ಕಂತು ಮಾಡಿ ಬಿಟ್ಟರೆ ಪೂರ್ತಿಯಾಗಲಿಲ್ಲ. ಇನ್ನೊಂದು ರೆಸಿಡ್ಯುಯಲ್. ಇಲ್ಲಿ ಪ್ರಯಾಣಿಕರ ಪ್ರಶ್ನೆಯೇ ಇಲ್ಲ, ಮೇಲ್ಮೈಗೆ ಬಳಿದ ಪರ್ಮೆಥ್ರಿನ್ ಪದರ 8 ವಾರ ಕೆಲಸ ಮಾಡುತ್ತದೆ.

ಲೆಕ್ಕದಲ್ಲಿ ಹೆಚ್ಚು ಜನ ಎಡವುತ್ತಾರೆ. ಏರೋಸಾಲ್ ಪ್ರಮಾಣ 100 ಘನ ಮೀಟರಿಗೆ 35 ಗ್ರಾಂ. ಇದು ಡಬ್ಬಿಯೊಳಗಿನ ಮಿಶ್ರಣದ ತೂಕ, ಅಸಲು ಕೀಟನಾಶಕದ್ದಲ್ಲ. 2% ದ್ರಾವಣದಲ್ಲಿ ಅಸಲು 0.7 ಗ್ರಾಂ ಮಾತ್ರ. ಕ್ಯಾಬಿನ್ 280 ಘನ ಮೀಟರ್ ಎಂದಿಟ್ಟುಕೊಳ್ಳಿ: 2.8 × 35 = 98 ಗ್ರಾಂ. ಡಬ್ಬಿ ಸೆಕೆಂಡಿಗೆ 1 ಗ್ರಾಂ ಬಿಡುವುದರಿಂದ 98 ಸೆಕೆಂಡ್ ಬೇಕು. ಇಬ್ಬರು ಎರಡು ಓಣಿಯಲ್ಲಿ ನಡೆದರೆ ತಲಾ 49 ಸೆಕೆಂಡ್. ಸರಸರನೆ ನಡೆದುಬಿಟ್ಟರೆ ಡಬ್ಬಿಯಲ್ಲಿ ಮದ್ದು ಉಳಿಯುತ್ತದೆ, ಹಿಂದಿನ ಸಾಲುಗಳಲ್ಲಿ ಸೊಳ್ಳೆಯೂ ಉಳಿಯುತ್ತದೆ.

ರೆಸಿಡ್ಯುಯಲ್‌ನಲ್ಲಿ ಇದರ ತಿರುವುಮುರುವು: ಅಲ್ಲಿ ಹೇಳುವುದು ಅಸಲು ಕೀಟನಾಶಕದ ತೂಕ. ಮೊದಲ ಸಲ ಕಾರ್ಪೆಟ್‌ಗೆ ಚದರ ಮೀಟರಿಗೆ 0.5 ಗ್ರಾಂ, ಉಳಿದ ಕಡೆ 0.2 ಗ್ರಾಂ. 2% ದ್ರಾವಣದಲ್ಲಿ 0.2 ಗ್ರಾಂ ಅಂದರೆ 10 ಮಿಲಿಲೀಟರ್, 0.5 ಗ್ರಾಂ ಅಂದರೆ 25 ಮಿಲಿಲೀಟರ್. ಆಹಾರ ಜೋಡಿಸುವ ಮೇಲ್ಮೈಗೆ ಬಳಿಯುವಂತಿಲ್ಲ. ಮುಗಿದ ಮೇಲೆ ಏರ್ ಕಂಡೀಷನಿಂಗ್ ಪ್ಯಾಕ್‌ಗಳನ್ನು (ಕ್ಯಾಬಿನ್‌ಗೆ ಗಾಳಿ ಹಾಯಿಸುವ ಯಂತ್ರಗಳು) ಕನಿಷ್ಠ 1 ಗಂಟೆ ಓಡಿಸಿ ಆವಿ ಹೊರಹಾಕಿದ ನಂತರವೇ ಜನ ಹತ್ತಬೇಕು.

ಮದ್ದು ಸರಿಯಿದ್ದೂ ಕೆಲಸ ಕೆಡಿಸುವುದು ಗಾಳಿ. ನೆಲದಲ್ಲಿ ಏರೋಸಾಲ್ ಹೊಡೆಯುವಾಗ ಪ್ಯಾಕ್‌ಗಳು ಆಫ್ ಇರಬೇಕು, ಆಮೇಲೂ ಕೆಲವು ನಿಮಿಷ ಹಾಗೇ ಬಿಡಬೇಕು. ಇಲ್ಲದಿದ್ದರೆ ಮಂಜಿನಂಥ ಹನಿಗಳನ್ನು ಗಾಳಿ ಎಳೆದುಕೊಂಡು ಹೋಗುತ್ತದೆ, ಸೊಳ್ಳೆಗೆ ತಾಗುವುದೇ ಇಲ್ಲ. ಹಾರಾಟದಲ್ಲಿ ಪ್ಯಾಕ್ ಆಫ್ ಮಾಡಲಾಗದು, ಹಾಗಾಗಿ ಇಳಿಯುವಾಗಿನ ಕಂತಿಗೆ ಗಾಳಿಯ ಹರಿವನ್ನು ‘ಹೈ’ನಿಂದ ಸಾಮಾನ್ಯಕ್ಕೆ ತರುತ್ತಾರೆ. ಸರಕಿನ ಹೋಲ್ಡ್ ಮರೆಯುವುದು ಇನ್ನೊಂದು ತಪ್ಪು. ಸೊಳ್ಳೆಗೆ ಟಿಕೆಟ್ ಇಲ್ಲ, ಅದು ಕ್ಯಾಬಿನ್‌ನಲ್ಲೇ ಕೂರಬೇಕೆಂದಿಲ್ಲ. ಹೋಲ್ಡ್‌ನಲ್ಲಿ ಬೆಕ್ಕು ಪ್ರಯಾಣಿಸುವುದಿದ್ದರೆ ಮೊದಲೇ ವಿಚಾರಿಸಿ, ಪರ್ಮೆಥ್ರಿನ್ ಬೆಕ್ಕಿಗೆ ವಿಷ. ರೆಸಿಡ್ಯುಯಲ್ ಪದರಕ್ಕೆ ಶತ್ರು ಅತಿ ಶುಚಿ: ಕಾರ್ಪೆಟ್ ಬದಲಿಸಿದರೆ, ಗೋಡೆಯ ಫಲಕಗಳನ್ನು ತಿಕ್ಕಿ ತೊಳೆದರೆ ಅಷ್ಟು ಜಾಗಕ್ಕೆ ಮತ್ತೆ ಬಳಿಯಬೇಕು. ಪೈರೆಥ್ರಾಯ್ಡ್‌ಗೆ ಬಗ್ಗದ ಸೊಳ್ಳೆಗಳೂ ಈಗ ಹೆಚ್ಚಿವೆ, ಅದಕ್ಕೆ ಡಬ್ಬಿಯಿಂದ ಪರಿಹಾರವಿಲ್ಲ. ಹಾಗಾಗಿ ನೆಲದ ಮೇಲಿನ ನಿಯಂತ್ರಣವೂ ಬೇಕು: ವಿಮಾನ ನಿಲ್ದಾಣದ ಸುತ್ತ ಕನಿಷ್ಠ 400 ಮೀಟರ್‌ವರೆಗೆ ಸೊಳ್ಳೆ ನಿಯಂತ್ರಣ ಇರಬೇಕೆಂದು ಅದೇ 5ನೇ ಅನುಬಂಧ ಹೇಳುತ್ತದೆ.

ಕಾಗದಪತ್ರ. ಏರೋಸಾಲ್ ಆದರೆ ವಿವರವನ್ನು ಜನರಲ್ ಡಿಕ್ಲರೇಶನ್‌ನ (ಇಳಿಯುವ ದೇಶದ ಅಧಿಕಾರಿಗಳಿಗೆ ವಿಮಾನದ ಕಡೆಯಿಂದ ಕೊಡುವ ಘೋಷಣಾ ಪತ್ರ) ಆರೋಗ್ಯ ಭಾಗದಲ್ಲಿ ಬರೆಯಬೇಕು. ಬ್ಲಾಕ್ಸ್ ಅವೇಯಲ್ಲಿ ಖಾಲಿ ಡಬ್ಬಿಗಳನ್ನು ಎಸೆಯಬೇಡಿ. ಅವುಗಳ ಕ್ರಮಸಂಖ್ಯೆಯೇ ಸಾಕ್ಷಿ, ಇಳಿದಲ್ಲಿ ಆರೋಗ್ಯಾಧಿಕಾರಿ ಕೇಳುತ್ತಾರೆ. ರೆಸಿಡ್ಯುಯಲ್ ಪ್ರಮಾಣಪತ್ರ ವಿಮಾನದ ನೋಂದಣಿ ಸಂಖ್ಯೆಗೆ ಸೇರಿದ್ದು, ಫ್ಲೈಟ್ ನಂಬರಿಗಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ಬೆಂಗಳೂರು–ಸಿಡ್ನಿ ನೇರ ಹಾರಾಟವನ್ನೇ ತೆಗೆದುಕೊಳ್ಳಿ. ಆಸ್ಟ್ರೇಲಿಯಾ ಹೊರದೇಶದಿಂದ ಬರುವ ವಿಮಾನಗಳಿಗೆಲ್ಲ ಡಿಸಿನ್ಸೆಕ್ಷನ್ ಕೇಳುತ್ತದೆ. ಕೊನೆ ಗಳಿಗೆಯಲ್ಲಿ ಬೇರೆ ವಿಮಾನ ಹಾಕಿದರೆ ಹಳೆಯ ಪ್ರಮಾಣಪತ್ರ ನಡೆಯದು. ಬದಲಿ ವಿಮಾನಕ್ಕೆ ತನ್ನದೇ ಪತ್ರ ಇರಬೇಕು, ಅದರ 8 ವಾರ ಸಿಡ್ನಿಯಲ್ಲಿ ಇಳಿಯುವ ದಿನಕ್ಕೆ ಮುಗಿದಿರಬಾರದು. ಇಲ್ಲವಾದರೆ ಹೊರಡುವ ಮುಂಚೆ ಪ್ರೀ-ಎಂಬಾರ್ಕೇಶನ್ ಮಾಡಿಕೊಳ್ಳಿ. ಅದನ್ನೂ ಬಿಟ್ಟರೆ ಇಳಿದ ಮೇಲೆ ಬಾಗಿಲು ತೆರೆಯುವ ಮುಂಚೆ, ಪ್ರಯಾಣಿಕರೆಲ್ಲ ಕೂತಿರುವಾಗಲೇ ಮದ್ದು ಹೊಡೆಯುತ್ತಾರೆ.